ಚಿತ್ರಲಿಂಗಪ್ಪನ ನಗುವಿಗೆ ಬಂದ ನೋಟೀಸು

ಸರ್ವಮಂಗಳ: ನಿಮ್ಮ ನಗುವಿನ ಮೇಲೆ ಹಕ್ಕಿರೋಳು ಯಾರು ಅಂತ ಮೊದ್ಲು ಹೇಳ್ರಿ. ಬೋರ್ಡು ಇಳಿಸಾದೋ ಬಿಡಾದೋ ಆಮೇಲೆ ನೋಡಾಣ.

ಚಿತ್ರಲಿಂಗಪ್ಪ: ಯಾವಳೂ ಇಲ್ಲ ಕಣೆ. ಕಕ್ಷಿದಾರರು ಅಂದ್ರೆ ಯಾವ್ದೋ ಕಂಪ್ನಿ ಇರ್ತೈತೆ.

ಸರ್ವಮಂಗಳ: ಕಂಪ್ನಿ ಆಗಿದ್ರೆ ಹೆಸರು ಬರೀತಿದ್ರು. ಮುಚ್ಚಿಟ್ಟಾರೆ ಅಂದ್ರೆ ಹೆಂಗಸೇ. ಇನ್ನೊಂದ್ಸಲ ಓದ್ತೀನಿ, ಕೇಳ್ರಿ. "ಸದರಿ ಭಾವಚಿತ್ರದಲ್ಲಿನ ನಗುವಿನ ಮೇಲೆ ನಮ್ಮ ಕಕ್ಷಿದಾರರಿಗೆ ಸಂಪೂರ್ಣ ಹಕ್ಕು ಇರುತ್ತದೆ." ಮೂವತ್ತು ವರ್ಷ ಆತು ನಿಮ್ಮನ್ನ ಕಟ್ಕೊಂಡು. ನನಗೇ ಯುಗಾದಿಗೊಂದು ದೀಪಾವಳಿಗೊಂದು ಸಿಕ್ಕಿದ್ರೆ ಹೆಚ್ಚು. ಇವಳಿಗೆ ಸಂಪೂರ್ಣನಂತೆ.

ಹೊಳಲ್ಕೆರೆ ಬಸ್ ನಿಲ್ದಾಣದ ಎದುರಿಗೆ ಸರ್ವಮಂಗಳಳ ಮಂಡಕ್ಕಿ-ಮಿರ್ಚಿ ಅಂಗಡಿ. ಬೆಳಗಿನ ಹತ್ತು ಗಂಟೆ. ಬಾಣಲೆಯ ಎಣ್ಣೆ ಇನ್ನೂ ಕಾದಿಲ್ಲ, ಅಂಗಡಿಯೊಡತಿ ಆಗಲೇ ಕಾದಿದ್ದಾಳೆ. ಒಂದು ಕೈ ಕಡ್ಲೆಹಿಟ್ಟಿನಲ್ಲಿ, ಇನ್ನೊಂದು ಕೈಯಲ್ಲಿ ಬೆಂಗಳೂರಿನ ಹೈಕೋರ್ಟ್ ವಕೀಲ ಗಜೇಂದ್ರಮೂರ್ತಿಯವರ ನೋಟೀಸು. ಇಬ್ಬರ ತಲೆಯ ಮೇಲೂ ಜಗಳದ ಮೂಲವಾದ ಆರಡಿ ಅಗಲದ ಬೋರ್ಡು. ಅದರಲ್ಲಿ ಚಿತ್ರಲಿಂಗಪ್ಪ ಕಣ್ಣು ಮುಚ್ಚಿ, ಕಿರುನಾಲಿಗೆ ಕಾಣುವಂತೆ ಬಾಯಿ ತೆರೆದು, ಕೈಯಲ್ಲೊಂದು ಮಿರ್ಚಿ ಹಿಡಿದು ನಗುತ್ತಿದ್ದಾನೆ. ಬಸ್ಸಿನ ಕಿಟಕಿಯಿಂದಲೇ ಹಲ್ಲು ಎಣಿಸಬಹುದು. ಸಿರಿಗೆರೆ ಕಾಲೇಜಿಗೆ ಹೋಗುವ ಹುಡುಗರು ಎಣಿಸಿಯೂ ಇದ್ದಾರೆ.

ಅಂಥ ನಗು ನಕ್ಕವನು ಯಾರು ಅನ್ನುವುದೇ ತಾಪತ್ರಯ. ಚಿತ್ರಲಿಂಗಪ್ಪ ಭಜನಾ ಮೇಳದ ಯಜಮಾನ. ಸುತ್ತಲಿನ ಹತ್ತಿಪ್ಪತ್ತು ಊರಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ ನೆಂಟರಿಗಿಂತ ಮೊದಲು ಅವನಿಗೆ ಫೋನು. ಹೋಗಿ ಹೆಣದ ಮುಂದೆ ಕೂತು ತಾಳ ಎತ್ತಿದನೆಂದರೆ ಕಲ್ಲೂ ಕರಗಬೇಕು. ಬೋರ್ಡು ಹತ್ತಿದ ವಾರದಲ್ಲೇ ಎಲ್ಲ ಎಡವಟ್ಟಾಯಿತು. ಶ್ರೀರಾಂಪುರದಲ್ಲಿ ಗಂಡನನ್ನು ಕಳೆದುಕೊಂಡು ಎದೆ ಬಡಿದುಕೊಳ್ಳುತ್ತಿದ್ದ ಹೆಣ್ಣುಮಗಳು ಇವನು ಬಾಗಿಲಲ್ಲಿ ನಿಂತದ್ದನ್ನು ನೋಡಿ, "ಮಿರ್ಚಿ ಯಜಮಾನ್ರು ಬಂದ್ರು" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೆರಗು ಅಲುಗತೊಡಗಿತು. ಪಕ್ಕದವಳು ಕಿಸಕ್ಕೆಂದಳು. ಆಮೇಲೆ ಹೆಣವೊಂದನ್ನು ಬಿಟ್ಟು ಮಿಕ್ಕವರೆಲ್ಲ ನಕ್ಕರು. ಅದಾದ ಮೇಲೆ ಸುತ್ತಮುತ್ತ ನಾಲ್ಕು ಸಾವಾದವು. ಒಬ್ಬರೂ ಇವನನ್ನು ಕರೆಯಲಿಲ್ಲ. ಹೊಸದುರ್ಗದ ಮೇಳ ಬಂದು ಭಜನೆ ಮಾಡಿ ಹೋಯಿತು. ಇಪ್ಪತ್ತೆರಡು ವರ್ಷ ಸಂಪಾದಿಸಿದ ಮರ್ಯಾದೆ ಒಂದು ಮಿರ್ಚಿಯ ಪಾಲಾಯಿತಲ್ಲ ಎಂದು ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಹೆಂಡತಿಗೆ ನೇರವಾಗಿ ಹೇಳಬಹುದಿತ್ತು. ಹೇಳಬೇಕೆಂದು ಮೂರು ಸಲ ಬಾಯಿ ತೆರೆದಿದ್ದ; ಮೂರು ಸಲವೂ ಆಕೆ ಆ ಬಾಯಿಗೆ ಮಿರ್ಚಿ ಇಟ್ಟು, "ಉಪ್ಪು ಸಾಕಾ ನೋಡ್ರಿ" ಎಂದಿದ್ದಳು. ಆಕೆಯ ಎದುರು ವಾದ ಗೆದ್ದ ದಾಖಲೆ ಅವನ ಹೆಸರಿನಲ್ಲಿ ಒಂದೂ ಇಲ್ಲ. ಕೊನೆಗೆ ಬಸ್ ನಿಲ್ದಾಣದ ಹಿಂದೆ ಜೆರಾಕ್ಸ್, ಫ್ಲೆಕ್ಸು, ಲಗ್ನಪತ್ರಿಕೆಯ ಅಂಗಡಿ ಇಟ್ಟಿರುವ ಗೆಳೆಯ ಚಂದ್ರುವಿನ ಹತ್ತಿರ ಹೋಗಿ, ಭೂಮಿಯ ಮೇಲೆ ಇಲ್ಲದ ವಕೀಲನೊಬ್ಬನನ್ನು ಹುಟ್ಟಿಸಿಕೊಂಡು ಬಂದ. ಚಂದ್ರುವಿನದು ಒಂದು ಚಾಳಿ. ಖಾಲಿ ಹಾಳೆಯಲ್ಲಿ ಟೈಪು ಮಾಡಿ ಅವನಿಗೆ ಗೊತ್ತಿಲ್ಲ. ಯಾವುದಾದರೂ ಹಳೇ ಫೈಲು ತೆಗೆದು, ಅದರ ಮೇಲೇ ಹೊಸದನ್ನು ಬರೆದು, ಬೇಡದ್ದನ್ನು ಅಳಿಸುತ್ತಾನೆ. ಅಳಿಸುವುದು ನೆನಪಿದ್ದರೆ.

ಸರ್ವಮಂಗಳ: ಇನ್ನೂ ಐತೆ. ಕೊನೇದು ಕೇಳ್ರಿ. "ಐದು ದಿನಗಳೊಳಗಾಗಿ ಸದರಿ ಬೋರ್ಡನ್ನು ತೆರವುಗೊಳಿಸದಿದ್ದಲ್ಲಿ ತಮ್ಮ ಮೇಲೆ ಉಗ್ರ ಕಾನೂನು ಕ್ರಮ ಜರುಗಿಸಲಾಗುವುದು. ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಬೇಕಾಗಿ ವಿನಂತಿ. ತಮ್ಮ ಆಶೀರ್ವಾದವೇ ಉಡುಗೊರೆ."

ಚಿತ್ರಲಿಂಗಪ್ಪ ಮನಸ್ಸಿನಲ್ಲೇ ಚಂದ್ರುವಿನ ಏಳು ತಲೆಮಾರನ್ನು ಜಾಲಾಡಿದ.

ಸರ್ವಮಂಗಳ: ಶ್ರೀರಾಂಪುರದ ನಮ್ಮಕ್ಕಗೆ ನಿನ್ನೇನೇ ಹೇಳ್ದೆ. ಅವಳು, ಭಾವ, ಇಬ್ರು ಸೊಸೇರು ಹೊಂಡ್ತಾರಂತೆ. ಆಟೋ ಸಾಲಲ್ಲ, ಟೆಂಪೋನೇ ಮಾಡ್ಸಾಣ.

ಚಿತ್ರಲಿಂಗಪ್ಪ: ಎಲ್ಲಿಗೆ?

ಸರ್ವಮಂಗಳ: ಕೋರ್ಟಿಗೆ.

ಚಿತ್ರಲಿಂಗಪ್ಪ: ಟೆಂಪೋ ಮಾಡ್ಕೊಂಡು ಯಾರಾದ್ರೂ ಕೋರ್ಟಿಗೆ ಹೋಗ್ತಾರೇನೆ?

ಸರ್ವಮಂಗಳ: ಮನೆ ಮಂದಿನೆಲ್ಲ ಕರ್ದಾರೆ. ಕರ್ದಾಗ ಹೋಗ್ದಿದ್ರೆ ನಾಳೆ ನಮ್ಮ ಬಿಂದು ಮದುವಿಗೆ ಅವ್ರು ಬರ್ತಾರಾ?

ಚಿತ್ರಲಿಂಗಪ್ಪ: ಕೇಸು ಹಾಕೋರನ್ನ ಮದುವಿಗೆ ಯಾರು ಕರೀತಾರೆ?

ಸರ್ವಮಂಗಳ: ನಿಮ್ಮ ತಮ್ಮ ಜಮೀನಿಗೆ ಕೇಸು ಹಾಕಿದ್ನಲ್ಲ, ಕರೀಲಿಲ್ವಾ ಗೃಹಪ್ರವೇಶಕ್ಕೆ? ಬಂದು ಎರಡು ಪಂಕ್ತೀಲಿ ಕುಂತು ಉಂಡು ಹೋದ. ಉಡುಗೊರೆ ಬ್ಯಾಡ ಅಂದಾರೆ, ಒಳ್ಳೇ ಜನ. ಆದ್ರೂ ಬರಿಗೈಲಿ ಹೋಗಾಕಾಗಲ್ಲ. ಒಂದು ಸ್ಟೀಲ್ ಡಬ್ಬಿ ತಗಂಡ್ರೆ ಆತು.

ಚಿತ್ರಲಿಂಗಪ್ಪ: ಡಬ್ಬಿನೂ ಬ್ಯಾಡ, ಟೆಂಪೋನೂ ಬ್ಯಾಡ. ಬೋರ್ಡು ಇಳಿಸಿದ್ರೆ ಎಲ್ಲ ಮುಗೀತೈತೆ ಕಣೆ. ಕೋರ್ಟು ಕಚೇರಿ ನಮ್ಮಂಥೋರಿಗೆ ಆಗಿಬರಲ್ಲ.

ಸರ್ವಮಂಗಳ: ಇಳಿಸಾಕೆ ನಾನೇನು ಕದ್ದಿದ್ದೀನಾ? ಫೋಟೋ ತೆಗ್ದಿದ್ದು ಬಿಂದು. ಹಕ್ಕು ಅಂತಿದ್ರೆ ಅವಳದ್ದು. ಅವಳಿಗೂ ಫೋನ್ ಹಚ್ಚಿ ಕೇಳ್ದೆ, ಹೆತ್ತೋರ ಮೇಲೆ ನೋಟೀಸ್ ಬಿಟ್ಟೀಯೇನೇ ಅಂತ. ಅತ್ಲು.

ಚಿತ್ರಲಿಂಗಪ್ಪ: ಮಗೂನ ಯಾಕೆ ಅಳಿಸಿದೆ?

ಸರ್ವಮಂಗಳ: ಅತ್ಲು ಅಂತ ಗೊತ್ತಾತು, ಅವಳಲ್ಲ. ಅವಳೇ ಮಾಡಿದ್ರೆ ನನ್ನ ಮೇಲೇ ರೇಗ್ತಿದ್ಲು, ನನ್ನ ಮಗಳಲ್ಲೇನು? ಇರ್ಲಿ, ಇಲ್ಲಿ ನಂಬರ್ ಐತೆ. ವಕೀಲರನ್ನೇ ಕೇಳಿಬಿಡಾಣ.

ಚಿತ್ರಲಿಂಗಪ್ಪ: ಬ್ಯಾಡ ಬ್ಯಾಡ. ಈ ಹೊತ್ನಾಗೆ ಜಡ್ಜ್ ಮುಂದೆ ನಿಂತಿರ್ತಾರೆ.

ಸರ್ವಮಂಗಳ: ನಿಂತಿದ್ರೆ ಜಡ್ಜಿಗೇ ಕೊಡ್ಲಿ ಫೋನು.

ಆಕೆ ಸ್ಪೀಕರ್ ಹಾಕಿ ಫೋನನ್ನು ಸೀಳಿದ ಮೆಣಸಿನಕಾಯಿಯ ತಟ್ಟೆಗೆ ಒರಗಿಸಿದಳು. ಚಿತ್ರಲಿಂಗಪ್ಪ ಕಂಡ ಕಂಡ ದೇವರಿಗೆಲ್ಲ ಕೈ ಮುಗಿದ. ಚಂದ್ರು ಎತ್ತದಿರಲಿ ಎಂದು ಬೇಡಿಕೊಂಡ. ಚಂದ್ರು ಎತ್ತಿದ, ಅದೂ ಮೂಗು ಹಿಡಿದುಕೊಂಡು.

ಫೋನು: ನಮಸ್ಕಾರ. ವಕೀಲ ಗಜೇಂದ್ರಮೂರ್ತಿ ಮಾತನಾಡುತ್ತಿದ್ದೇನೆ.

ಸರ್ವಮಂಗಳ: ವಕೀಲ್ರೇ, ನಾನು ಹೊಳಲ್ಕೆರೆ ಸರ್ವಮಂಗಳ. ನಿಮ್ಮ ಕಕ್ಷಿದಾರರಿಗೆ ಮದುವೆ ಆಗೈತಾ?

ಫೋನು: ಆಗಿದೆ. ಮೂವತ್ತು ವರ್ಷವಾಯಿತು.

ಸರ್ವಮಂಗಳ: ಮತ್ತೆ ಅವಳ ಗಂಡ ಏನು ಮಾಡ್ತಾನೆ? ಕಂಡೋರ ಗಂಡನ ನಗು ಕೇಳ್ಕೊಂಡು ಬಾ ಅಂತ ಕಳ್ಸಿ ಮನೇಲಿ ಕುಂತಾನಾ?

ಫೋನು: ಅವರಿಗೆ ಗಂಡ ಇಲ್ಲ. ಅಂದರೆ, ಅವರೇ ಗಂಡ. ಹೆಂಡತಿ ಅಂಗಡಿ ನೋಡಿಕೊಳ್ಳುತ್ತಾರೆ.

ಚಿತ್ರಲಿಂಗಪ್ಪ ತಲೆಯ ಮೇಲೆ ಟವೆಲು ಎಳೆದುಕೊಂಡ.

ಸರ್ವಮಂಗಳ: ಏನಂಗಡಿ?

ಫೋನು: ಅಮ್ಮಾ, ಇದು ಕ್ರಿಮಿನಲ್ ಪ್ರಕರಣ. ಅಡ್ಡ ಪ್ರಶ್ನೆ ಕೇಳುವಂತಿಲ್ಲ. ಐದು ದಿನದಲ್ಲಿ ಬೋರ್ಡು ತೆಗೆಯದಿದ್ದರೆ...

ಇನ್ನೊಂದು ದನಿ: ಅಣ್ಣಾ, ಆಧಾರ್ ಎರಡೂ ಕಡೆ ಜೆರಾಕ್ಸ್ ಮಾಡ್ಕೊಡಣ್ಣ.

ಸರ್ವಮಂಗಳ: ಯಾರು ವಕೀಲ್ರೇ ಅದು?

ಫೋನು: ನ್ಯಾಯಾಧೀಶರು. ಸಾಕ್ಷಿಯ ಆಧಾರ್ ಕೇಳುತ್ತಿದ್ದಾರೆ.

ಇನ್ನೊಂದು ದನಿ: ಜಲ್ದಿ ಕೊಡಣ್ಣ, ಸಿರಿಗೆರೆ ಬಸ್ಸು ಹೊಂಟೈತೆ.

ಸರ್ವಮಂಗಳ: ಹೈಕೋರ್ಟ್ ಮುಂದೆ ಸಿರಿಗೆರೆ ಬಸ್ ನಿಲ್ತೈತಾ?

ಫೋನು: ಈಗ ಹೊಸದಾಗಿ ಬಿಟ್ಟಿದ್ದಾರೆ.

ಫೋನು ಕಟ್ಟಾಯಿತು. ರಸ್ತೆಯ ಆಚೆ ಸಿರಿಗೆರೆ ಬಸ್ಸು ನಿಲ್ದಾಣದಿಂದ ಹೊರಬಂದು ಇವರ ಮುಂದೆಯೇ ಹಾರನ್ ಹೊಡೆದುಕೊಂಡು ಹೋಯಿತು. ಸರ್ವಮಂಗಳ ಬಸ್ಸನ್ನು ನೋಡಿದಳು, ಗಂಡನನ್ನು ನೋಡಿದಳು, ಆಮೇಲೆ ಒಂದು ಮೆಣಸಿನಕಾಯಿ ಎತ್ತಿ ಹಿಟ್ಟಿನಲ್ಲಿ ಅದ್ದಿದಳು.

ಸರ್ವಮಂಗಳ: ಆತು ಬಿಡ್ರಿ. ಇಳ್ಸಾಣ.

ಚಿತ್ರಲಿಂಗಪ್ಪ: ನಿಜವಾಗ್ಲೂ?

ಸರ್ವಮಂಗಳ: ಹೈಕೋರ್ಟಿನೋರು ಅಷ್ಟು ಹೇಳ್ದ ಮೇಲೆ ಇನ್ನೇನು? ಐದು ದಿನ ಟೈಮ್ ಐತಲ್ಲ, ನಾಕನೇ ದಿನ ಇಳ್ಸಿದ್ರಾತು. ಅಷ್ಟರೊಳಗೆ ನಿಮಗೇನಾದ್ರೂ ಹೇಳಾದಿದ್ರೆ ಹೇಳ್ರಿ.

ಚಿತ್ರಲಿಂಗಪ್ಪ: ನನಗೇನಿರ್ತೈತೆ ಹೇಳಾಕೆ?

ಸರ್ವಮಂಗಳ: ಹಂಗಾದ್ರೆ ಅಂಗಡಿ ಬೋಳು ಕಾಣಬಾರದು, ಬೇರೆ ಫೋಟೋ ಹಾಕಿಸ್ತೀನಿ. ನಗದೇ ಇರಾದು. ನಗದಿದ್ರೆ ವಕೀಲರದ್ದೇನೂ ತಕರಾರು ಇಲ್ಲಲ್ಲ?

ಇಲ್ಲಿ ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆಸೆ ಯಾರನ್ನು ಬಿಟ್ಟಿದೆ? ಬಸ್ ನಿಲ್ದಾಣದ ಎದುರು ತನ್ನ ಗಂಭೀರವಾದ ಮುಖ, ಅದನ್ನು ನೋಡಿಕೊಂಡು ಹೋಗುವ ಸುತ್ತಲ ಹಳ್ಳಿಯ ಜನ, ಮತ್ತೆ ಬರತೊಡಗುವ ಫೋನು, ಇವೆಲ್ಲ ಅವನ ಕಣ್ಣ ಮುಂದೆ ಸಾಲುಗಟ್ಟಿ ನಿಂತವು.

ಚಿತ್ರಲಿಂಗಪ್ಪ: ಗಂಭೀರವಾಗಿರ್ಲಿ. ನೋಡಿದ ತಕ್ಷಣ ಜನ ಚಪ್ಪಲಿ ಬಿಡಬೇಕು, ಹಂಗಿರ್ಲಿ.

ಮರುದಿನ ಊಟಕ್ಕೆ ಬಡಿಸುವಾಗ ಆಕೆ ಮತ್ತೆ ಕೇಳಿದಳು: ಏನಾದ್ರೂ ಹೇಳಾದೈತಾ? ಅವನು ಸಾರು ಚೆನ್ನಾಗಿದೆ ಎಂದ. ಮೂರನೇ ದಿನವೂ ಕೇಳಿದಳು. ಉಪ್ಪು ಸ್ವಲ್ಪ ಮುಂದು ಎಂದ. ನಾಲ್ಕನೇ ದಿನ ಅವನು ಚಿತ್ರದುರ್ಗದಲ್ಲಿದ್ದ ಮಗಳು ಬಿಂದುವನ್ನು ಸಮಾಧಾನ ಮಾಡಲು ಹೊರಟು, ಅಲ್ಲೇ ಉಳಿದ. ಚಾರ್ಜರ್ ಮರೆತುಹೋಗಿದ್ದರಿಂದ ಫೋನು ಆರಿಹೋಯಿತು.

ಐದನೇ ದಿನ ಬೆಳಗಿನ ಬಸ್ಸಿಗೆ ವಾಪಸು ಬಂದಾಗ ಅಂಗಡಿಯ ಮುಂದೆ ಜನವೋ ಜನ. ವ್ಯಾಪಾರ ಜೋರಾಗಿದೆ ಎಂದು ಮೊದಲು ಖುಷಿಪಟ್ಟ. ಎಲ್ಲರೂ ಚಪ್ಪಲಿ ಬಿಟ್ಟು ನಿಂತದ್ದನ್ನು ನೋಡಿ ಇನ್ನೂ ಖುಷಿಪಟ್ಟ. ಆಮೇಲೆ ತಲೆ ಎತ್ತಿದ.

ಆಧಾರ್ ಕಾರ್ಡಿನಲ್ಲಿದ್ದ ಅವನ ಮುಖವೇ ಆರಡಿ ಆಗಿತ್ತು. ಆ ಮುಖದ ಎಡಕ್ಕೊಂದು ಬಲಕ್ಕೊಂದು ಉರಿಯುವ ದೀಪ, ಸುತ್ತ ಬಿಳಿ ಹೂವಿನ ಅಂಚು, ಮೇಲೆ ಹಾರುತ್ತಿರುವ ಪಾರಿವಾಳ. "ಸರ್ವಮಂಗಳ ಮಂಡಕ್ಕಿ ಮಿರ್ಚಿ" ಎಂಬುದರ ಕೆಳಗೆ ದಪ್ಪ ಅಕ್ಷರದಲ್ಲಿ "ಮತ್ತೆ ಹುಟ್ಟಿ ಬನ್ನಿ."

ಚಿತ್ರಲಿಂಗಪ್ಪ: ಲೇ ಚಂದ್ರು, ಏನೋ ಇದು?

ಚಂದ್ರು: ನಗೋದಾದ್ರೆ ಹುಟ್ಟುಹಬ್ಬದ ಫೈಲು, ನಗದಿದ್ರೆ ಶ್ರದ್ಧಾಂಜಲಿ ಫೈಲು. ನನ್ಹತ್ರ ಇರಾದೇ ಎರಡು ಕಣಪ್ಪ. ಗಂಭೀರ ಅಂತ ಹೇಳ್ಕಳಿಸಿದೋನು ನೀನು.

ಚಿತ್ರಲಿಂಗಪ್ಪ: ಅಕ್ಷರನಾದ್ರೂ ಅಳಿಸಬಾರದೇನೋ?

ಚಂದ್ರು: ಶ್ರದ್ಧಾಂಜಲಿ ಅಳಿಸ್ದೆ. ನಿಮ್ಮನೆಯೋರು ಗಿರಾಕಿಗೆ 'ಮತ್ತೆ ಬನ್ನಿ' ಅಂತ ಇರ್ಲಿ ಅಂದ್ರು. ಫೈಲ್ನಾಗೆ ಆಗ್ಲೇ ಇತ್ತಲ್ಲ ಅಂತ ಬಿಟ್ಟೆ. ನಡುವೆ 'ಹುಟ್ಟಿ' ಇದ್ದದ್ದು ನೋಡ್ಲಿಲ್ಲ.

ಬೋರ್ಡು ಹತ್ತಿದ್ದು ಹಿಂದಿನ ದಿನ ಸಂಜೆ. ಹತ್ತು ನಿಮಿಷದಲ್ಲಿ ಯಾರೋ ಅದರ ಫೋಟೋ ತೆಗೆದು ವಾಟ್ಸಾಪಿಗೆ ಬಿಟ್ಟಿದ್ದರು. ಬಂದವರಿಗೆಲ್ಲ ಸರ್ವಮಂಗಳ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು: ಅವ್ರು ದುರ್ಗಕ್ಕೆ ಹೋಗ್ಯಾರೆ, ಬೆಳಿಗ್ಗೆ ಬಸ್ಸಿಗೆ ಬರ್ತಾರೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪಾಪ, ಆಘಾತ, ಇನ್ನೂ ನಂಬಿಲ್ಲ ಎಂದು ಕಣ್ಣೊರೆಸಿಕೊಂಡು, ಆಕೆಗೆ ಬೇಜಾರಾಗಬಾರದೆಂದು ಒಂದೊಂದು ಪ್ಲೇಟು ತಿಂದಿದ್ದರು. ಅವನದೇ ಮೇಳದ ಅಜ್ಜಪ್ಪ ಆರು ಜನರನ್ನು ಕಟ್ಟಿಕೊಂಡು ತಾಳ ಹಿಡಿದು ಬೆಂಚಿನ ಮೇಲೆ ಕಾಯುತ್ತಿದ್ದ. ಎಲ್ಲರಿಗಿಂತ ಮುಂದೆ, ಮೊಳಕಾಲಿನವರೆಗೆ ಇಳಿಯುವ ಹಾರ ಹಿಡಿದು, ಚಿತ್ರಲಿಂಗಪ್ಪನ ಸೋದರತ್ತೆ ಏಕನಾಥಮ್ಮ ನಿಂತಿದ್ದಳು. ತುರುವನೂರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದ ಮುದುಕಿ.

ಏಕನಾಥಮ್ಮ: ನೀನು ಯಾವಾಗ ಬಂದ್ಯಪ್ಪ?

ಚಿತ್ರಲಿಂಗಪ್ಪ: ಈಗ್ಲೇ ಅತ್ತೆ, ದುರ್ಗದ ಬಸ್ಸಿಗೆ.

ಏಕನಾಥಮ್ಮ: ಅದಲ್ಲ. ಹೋಗಿದ್ದೋನು ಯಾವಾಗ ಬಂದೆ?

ಚಿತ್ರಲಿಂಗಪ್ಪ: ನಾನೆಲ್ಲೂ ಹೋಗಿಲ್ಲ ಅತ್ತೆ. ಗಟ್ಟಿಯಾಗೇ ಇದ್ದೀನಿ.

ಏಕನಾಥಮ್ಮ: ಇದ್ರೆ ಒಳ್ಳೇದೇ. ಒಂದು ಫೋನ್ ಮಾಡಿ ಇದ್ದೀನಿ ಅಂದಿದ್ರೆ ನಾನು ಬೆಳಗಿನ ಜಾವ ಎದ್ದು ಬರಾದು ತಪ್ತಿತ್ತು.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆ ಸದ್ದು ಚಿತ್ರಲಿಂಗಪ್ಪನಿಗೆ ಚೆನ್ನಾಗಿ ಗೊತ್ತು. ಶ್ರೀರಾಂಪುರದಲ್ಲಿ ಶುರುವಾದದ್ದೂ ಹೀಗೆಯೇ. ಇನ್ನು ಅವನು ಯಾವ ಸಾವಿನ ಮನೆಯ ಹೊಸ್ತಿಲೂ ತುಳಿಯುವ ಹಾಗಿಲ್ಲ. ಹೆಂಡತಿಯನ್ನು ಬಾಣಲೆಯ ಪಕ್ಕಕ್ಕೆ ಕರೆದ.

ಚಿತ್ರಲಿಂಗಪ್ಪ: ಮಂಗಳಾ, ಕೈ ಮುಗೀತೀನಿ, ಮೊದ್ಲು ಅದನ್ನ ಇಳ್ಸು.

ಸರ್ವಮಂಗಳ: ವಕೀಲ್ರನ್ನ ಒಂದ್ಮಾತು ಕೇಳ್ಬೇಕಲ್ಲ.

ಚಿತ್ರಲಿಂಗಪ್ಪ: ವಕೀಲನೂ ಇಲ್ಲ, ಕಕ್ಷಿದಾರನೂ ಇಲ್ಲ. ನಾನೇ ಬರೆಸಿದ್ದು.

ಸರ್ವಮಂಗಳ: ಗೊತ್ತು. ಸಿರಿಗೆರೆ ಬಸ್ಸು ಹಾರನ್ ಹೊಡೆದಾಗ್ಲೇ ಗೊತ್ತಾತು. ದಿನಾ ಕೇಳ್ದೆ, ಹೇಳಾದೈತಾ ಅಂತ. ನೀವು ಉಪ್ಪು ಅಂದ್ರಿ, ಸಾರು ಅಂದ್ರಿ. ಮೂವತ್ತು ವರ್ಷ ಬಾಳ್ವೆ ಮಾಡೀನಿ. ನನ್ನ ಜೊತಿಗೆ ಮಾತಾಡಾಕೆ ನಿಮಗೆ ವಕೀಲ ಬೇಕಾತೇನ್ರಿ?

ಆಕೆ ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ಅವನಿಗೆ ಅಭ್ಯಾಸವಿತ್ತು. ಈ ಮೆತ್ತನೆಯ ದನಿ ಅವನಿಗೆ ಹೊಸದು.

ಚಿತ್ರಲಿಂಗಪ್ಪ: ಸಾವಿನ ಮನೆಯಾಗೆ ಜನ ನನ್ನ ನೋಡಿ ನಗ್ತಾರೆ ಕಣೆ. ಮೂರು ತಿಂಗಳಾತು, ಯಾರೂ ಕರೆದಿಲ್ಲ. ನೀನು ಆಸೆಪಟ್ಟು ಹಾಕ್ಸಿದ್ದಿ. ಹೆಂಗೆ ಹೇಳ್ಲಿ?

ಸರ್ವಮಂಗಳ: ಬಾಯಿಂದ ಹೇಳ್ಬೇಕು. ಆ ಫೋಟೋ ಹಾಕಿದ್ದು ಗಿರಾಕಿಗಲ್ಲ. ಇಡೀ ದಿನ ಎಣ್ಣೆ ಮುಂದೆ ನಿಂತಿರ್ತೀನಿ, ತಲೆ ಎತ್ತಿದ್ರೆ ನಗೋ ಮುಖ ಒಂದು ಕಾಣ್ಲಿ ಅಂತ ಹಾಕ್ಸಿದೆ. ಬ್ಯಾಡ ಅಂದಿದ್ರೆ ಅವತ್ತೇ ಇಳಿಸ್ತಿದ್ದೆ. ಚಂದ್ರು, ಏಣಿ ತಾರಪ್ಪ. ಇನ್ಮೇಲೆ ಬರೀ ಹೆಸರು ಸಾಕು.

ಚಂದ್ರು ಏಣಿ ತರಲು ಓಡಿದ. ಚಿತ್ರಲಿಂಗಪ್ಪ ಉಸಿರು ಬಿಟ್ಟು ಈಚೆ ತಿರುಗಿದರೆ, ಏಕನಾಥಮ್ಮ ಹಾರ ಹಿಡಿದು ಎದುರಿಗೇ ನಿಂತಿದ್ದಾಳೆ.

ಏಕನಾಥಮ್ಮ: ನಿಮ್ಮ ಗಂಡ ಹೆಂಡ್ತಿ ವ್ಯಾಜ್ಯ ಮುಗೀತಾ? ಈಗ ನಂದು ಹೇಳು. ಸಾವಿಗೆ ಅಂತ ತಂದ ಹಾರ ಹೊಳ್ಳಿ ಮನಿಗೆ ಒಯ್ಯಬಾರದು ಅಂತ ಹೇಳ್ದೋನು ಯಾರು? ನಿಮ್ಮ ಮಾವ ಲಿಂಗೈಕ್ಯ ಆದಾಗ ನೀನೇ ಅಲ್ಲೇನು?

ಚಿತ್ರಲಿಂಗಪ್ಪ: ನಾನೇ.

ಏಕನಾಥಮ್ಮ: ಶಾಸ್ತ್ರ ನಿಂದೇ ಅಂದ್ಮೇಲೆ ಕತ್ತು ಬಗ್ಗಿಸು.

ಇಪ್ಪತ್ತೆರಡು ವರ್ಷ ಊರೂರಿಗೆ ಶಾಸ್ತ್ರ ಹೇಳಿದವನಿಗೆ ತನ್ನ ಸರದಿ ಬಂದಾಗ ಇಲ್ಲ ಅನ್ನಲು ಬರುತ್ತದೆಯೇ? ಕತ್ತು ಬಗ್ಗಿಸಿದ. ಹಾರ ಬಿತ್ತು. ಹಾರ ಬಿದ್ದ ಕೂಡಲೇ ಭಜನೆ ಎತ್ತುವುದು ಮೇಳದ ವಾಡಿಕೆ. ಅಜ್ಜಪ್ಪನ ಕೈ ಅವನನ್ನು ಕೇಳದೆಯೇ ತಾಳ ಹಾಕಿಬಿಟ್ಟಿತು. ಮಿಕ್ಕ ಆರು ಜನ ದನಿಗೂಡಿಸಿದರು. ಚಿತ್ರಲಿಂಗಪ್ಪ ಕೊರಳಲ್ಲಿ ಹಾರ ಹೊತ್ತು, ಕಣ್ಣು ಮುಚ್ಚಿ ಒಂದು ಸಾಲು ಕೇಳಿದ. ಎರಡನೇ ಸಾಲಿಗೆ ಅವನ ಹುಬ್ಬು ಗಂಟಾಯಿತು.

ಚಿತ್ರಲಿಂಗಪ್ಪ: ನಿಲ್ಸ್ರಲೇ. ಅಜ್ಜಪ್ಪ, ಎರಡನೇ ಪೆಟ್ಟು ಎಲ್ಲಿ ಹೋತು? ಮೂರು ತಿಂಗಳು ಕೆಲಸ ಇಲ್ದಿದ್ರೆ ತಾಳನೇ ಮರೆತುಬಿಡಾದಾ? ನಾನು ಎದುರಿಗೆ ನಿಂತಾಗ್ಲೇ ಹಿಂಗೆ ಬಾರಿಸಿದ್ರೆ, ನಿಜವಾಗಿ ಹೋದಾಗ ನಾನೇ ಎದ್ದು ಕುಂತು ಹೇಳ್ಕೊಡಬೇಕಾಗ್ತೈತೆ. ಕೊಡಿಲ್ಲಿ.

ತಾಳ ಕಸಿದುಕೊಂಡು, ಹಾರವನ್ನೂ ತೆಗೆಯದೆ ಬೆಂಚಿನ ಮೇಲೆ ಕೂತು, ಮೊದಲಿನಿಂದ ಎತ್ತಿದ. ಮೂರು ತಿಂಗಳು ಎದೆಯಲ್ಲಿ ಕಟ್ಟಿಟ್ಟಿದ್ದ ದನಿ ಅದು. ಕಿಸಕ್ಕೆಂದವರು ತಲೆ ತಗ್ಗಿಸಿದರು. ಏಕನಾಥಮ್ಮ ಗಂಡನನ್ನು ನೆನೆದುಕೊಂಡು ಸೆರಗು ಕಣ್ಣಿಗೆ ಒತ್ತಿದಳು. ಅವಳನ್ನು ನೋಡಿ ಪಕ್ಕದವಳು, ಅವಳನ್ನು ನೋಡಿ ಬಸ್ಸಿಗೆ ಕಾಯುತ್ತಿದ್ದವರು. ಏಣಿ ಹೊತ್ತು ತಂದ ಚಂದ್ರು ಅದನ್ನು ಗೋಡೆಗೆ ಒರಗಿಸುವುದು ಬಿಟ್ಟು, ಮೂಗು ಒರೆಸಿಕೊಳ್ಳುತ್ತ ಅಲ್ಲೇ ನಿಂತ. ಒಬ್ಬರೂ ನಗಲಿಲ್ಲ.

ಸರ್ವಮಂಗಳ ಜಾಲರಿ ಸೌಟಿನಲ್ಲಿ ಬಿಸಿ ಮಿರ್ಚಿ ಎತ್ತಿ ಎಣ್ಣೆ ಸೋಸುತ್ತ ಸುತ್ತಲೂ ನೋಡಿದಳು.

ಸರ್ವಮಂಗಳ: ಅತ್ತು ಮುಗಿಸಿ ತಿಂತೀವಿ ಅಂದ್ರೆ ಮಿರ್ಚಿ ಆರಿಹೋಗ್ತವೆ. ಅಳ್ತಾ ಅಳ್ತಾನೇ ತಿನ್ರಿ.